ಐದನೇ ಬೇರಿಂಗಿನ ಬಿಸಿಲು

“ಯಾರು ಮಾರಾಯ್ರೆ ಅದು, ನನ್ನ ಬೀಮಿಗೆ ಅಡ್ಡ ನಿಂತದ್ದು?”

ಟರ್ಬೈನ್ ಹಾಲ್‌ನಲ್ಲಿ ನನ್ನ ಧ್ವನಿ ಸ್ವಲ್ಪ ಜೋರಾಗಿಯೇ ಹೋಯಿತು. ಬೆಳಗ್ಗಿನಿಂದ ಲೇಸರ್ ಬೆಳಕು ನಡುವೆ ತುಂಡಾಗುತ್ತಲೇ ಇತ್ತು. ಮೊದಲು ಕ್ರೇನಿನವ, ಆಮೇಲೆ ಚಹಾದವ, ಈಗ ಕಿತ್ತಳೆ ಬಣ್ಣದ ಕವರಾಲ್ ಹಾಕಿದ ಒಂದು ಬೆನ್ನು. ಆ ಬೆನ್ನಿಗೆ ಅವಸರವೇ ಇರಲಿಲ್ಲ. ಐದನೇ ಬೇರಿಂಗಿನ ಮೇಲೆ ಬಗ್ಗಿ, ಡಯಲ್ ಗೇಜಿನ ಗಾಜಿಗೆ ಉಗುರಿನಿಂದ ಟಿಕ್ ಟಿಕ್ ಎಂದು ತಟ್ಟಿ, ಮುಳ್ಳು ನಿಲ್ಲುವವರೆಗೆ ಕಾದು, ಆಮೇಲೆ ನಿಧಾನಕ್ಕೆ ತಿರುಗಿತು.

ಹಾಗೆ ತಟ್ಟುವವನು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬನೇ. ಮುಖ ಕಾಣುವ ಮೊದಲೇ ನಾನು ಹೆಲ್ಮೆಟನ್ನು ಹಣೆಗೆ ಎಳೆದುಕೊಂಡೆ.

“ಇನ್ನೂ ಹಾಗೇ ಬೈತೀಯಲ್ಲ ಮಾರಾಯ್ತಿ,” ಎಂದ ವಿಶಾಲ್.

ಕೆನ್ನೆಯಲ್ಲಿ ಗ್ರೀಸಿನ ಗೆರೆ, ಕಣ್ಣಿನ ಬದಿಯಲ್ಲಿ ಹೊಸ ಸುಕ್ಕುಗಳು. ನಗು ಮಾತ್ರ ಹಳೆಯದೇ, ಎಡಗಡೆಯಿಂದ ಶುರುವಾಗಿ ಬಲಗಡೆಗೆ ತಡವಾಗಿ ತಲುಪುವಂಥದ್ದು. ನಾನು ತಯಾರಿಲ್ಲದೆ ಸಿಕ್ಕಿಬಿದ್ದಿದ್ದೆ. ಹೆಲ್ಮೆಟಿನ ಅಡಿಯಲ್ಲಿ ಎಣ್ಣೆ ಹಚ್ಚಿ ಜಡೆ ಹಾಕಿದ ಕೂದಲು. ಹಳೆಯ ಪ್ರೀತಿ ಎದುರಾಗುವ ದಿನವೇ ತಲೆಗೆ ಎಣ್ಣೆ ಹಚ್ಚುವ ಬುದ್ಧಿ ಯಾರು ಕೊಡುತ್ತಾರೋ ದೇವರಿಗೇ ಗೊತ್ತು.

“ಮಿಸ್ಟರ್ ವಿಶಾಲ್,” ಎಂದೆ, “ನೀವು ಸ್ವಲ್ಪ ಆಚೆ ನಿಂತರೆ ನನ್ನ ಕೆಲಸ ಆಗ್ತದೆ.”

“ನೀವು?”

“ಹೌದು. ನೀವು.”

ಅವನು ಆಚೆ ಸರಿದ. ಲೇಸರ್ ದಾರಿ ತೆರೆಯಿತು. ಮುಂದಿನ ಅಳತೆಯನ್ನು ನಾನು ಎರಡು ಸಲ ತೆಗೆಯಬೇಕಾಯಿತು.

ಅದು ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರ. ಮಳೆಗಾಲದಲ್ಲಿ ಕರೆಂಟಿಗೆ ಬೇಡಿಕೆ ಕಡಿಮೆ, ಆಗ ಯಂತ್ರವನ್ನು ನಿಲ್ಲಿಸಿ, ಬಿಚ್ಚಿ, ಮತ್ತೆ ಜೋಡಿಸುತ್ತಾರೆ. ಟರ್ಬೈನಿನ ಶಾಫ್ಟು, ಜನರೇಟರಿನ ಶಾಫ್ಟು, ಅಂದರೆ ತಿರುಗುವ ಉಕ್ಕಿನ ದಂಡಗಳು, ಎರಡೂ ಒಂದೇ ಗೆರೆಯಲ್ಲಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಓಡುವಾಗ ಯಂತ್ರ ನಡುಗುತ್ತದೆ. ಆ ಗೆರೆಯನ್ನು ಹುಡುಕಿ ಕೊಡುವುದೇ ನಮ್ಮ ಕೆಲಸ. ನಾನು ಮಣಿಪಾಲದ ಒಂದು ಸಣ್ಣ ಕಂಪೆನಿಯ ಲೇಸರ್ ಟ್ರ್ಯಾಕರಿನವಳು, ದೂರ ನಿಂತು ಬೆಳಕಿನಿಂದ ಅಳೆಯುವವಳು. ವಿಶಾಲ್ ಹಳೆಯ ಪದ್ಧತಿಯವನು, ಶಾಫ್ಟಿಗೆ ಡಯಲ್ ಗೇಜು ಕಟ್ಟಿ, ತಿರುಗಿಸಿ, ಮುಳ್ಳು ಓದುವವನು. ಇಬ್ಬರ ಲೆಕ್ಕವೂ ಹೊಂದಿದರೆ ಮಾತ್ರ ಮುಂದಿನ ಬೋಲ್ಟು ಬಿಗಿಯುವುದು.

ಈ ಜೋಡಣೆಯ ಹೊಣೆ ಹೊತ್ತವನು ನೆವಿಲ್. ಒಳ್ಳೆಯವನು, ಆದರೆ ಸಣ್ಣ ಸದ್ದಿಗೂ ಎದೆ ಹಿಡಿದುಕೊಳ್ಳುವವನು. ಅವನೇ ಮೊದಲ ದಿನ ಚಹಾ ಕುಡಿಯುತ್ತಾ ಹೇಳಿದ: “ಕೆಲಸ ಏಳನೇ ತಾರೀಕಿನ ಒಳಗೆ ಮುಗಿಯಬೇಕು. ಒಂಬತ್ತಕ್ಕೆ ವಿಶಾಲ್‌ಗೆ ಒಮಾನಿನ ಸೋಹಾರಿಗೆ ಫ್ಲೈಟ್ ಉಂಟು. ಅಲ್ಲಿ ಖಾಯಂ ಕೆಲಸವಂತೆ. ಇನ್ನು ಇವನು ನಮ್ಮ ಕೈಗೆ ಸಿಗುವ ಜನ ಅಲ್ಲ.”

ನಾನು ಬಿಸ್ಕೆಟನ್ನು ಚಹಾದಲ್ಲಿ ಹೆಚ್ಚು ಹೊತ್ತು ಅದ್ದಿದೆ. ಅದು ಮುರಿದು ಲೋಟದೊಳಗೆ ಬಿತ್ತು.

ಒಮ್ಮೆ ಕೈಬಿಟ್ಟು ಹೋದವನು ಇನ್ನೊಮ್ಮೆ ಹೋಗಲಿಕ್ಕಿದ್ದಾನೆ. ಈ ಸಲವೂ ನಾನು ಸುಮ್ಮನೆ ನೋಡುತ್ತಾ ನಿಲ್ಲಬೇಕೇ? ಆ ರಾತ್ರಿ ಲಾಡ್ಜಿನಲ್ಲಿ ತಲೆಗೆ ಶ್ಯಾಂಪೂ ಹಾಕುತ್ತಾ ನಾನು ಯೋಚಿಸಿದ್ದು ಅದೊಂದನ್ನೇ.

ಮಣಿಪಾಲದಲ್ಲಿ ನಾವು ಓದುತ್ತಿದ್ದಾಗ ನಮ್ಮ ವಿಭಾಗದಲ್ಲಿ ತಣ್ಣಗಿನ ಕೋಣೆ ಎಂದರೆ ಒಂದೇ, ಮಾಪನದ ಲ್ಯಾಬ್. ಉಕ್ಕು ಸೆಕೆಗೆ ಹಿಗ್ಗುತ್ತದೆ, ಆದ್ದರಿಂದ ಅಲ್ಲಿ ವರ್ಷವಿಡೀ ಇಪ್ಪತ್ತು ಡಿಗ್ರಿ. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಬೆವರುವಾಗ ನಾನು ಸ್ವೆಟರ್ ಹಾಕಿಕೊಂಡು ಆ ಕೋಣೆಯಲ್ಲಿ ಕೂರುತ್ತಿದ್ದೆ. ಎದುರಿನ ಸ್ಟೂಲಿನಲ್ಲಿ ವಿಶಾಲ್. ಅವನಿಗೆ ಸ್ವೆಟರ್ ಇರಲಿಲ್ಲ. ಚಳಿಯಾಗುವುದಿಲ್ಲವೇ ಎಂದರೆ, “ಕಾಪು ಕಡಲಿನ ಗಾಳಿ ತಿಂದವ ನಾನು,” ಎನ್ನುತ್ತಿದ್ದ, ಹಲ್ಲು ಕಟಕಟ ಅನ್ನುತ್ತಿದ್ದರೂ. ಅವನಿಗೆ ನನ್ನ ಕೊಂಕಣಿ ಬಾರದು, ನನ್ನ ಕಾರ್ಕಳದ ತುಳು ಕೇಳಿದರೆ ಅವನು ನಗುತ್ತಾನೆ. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ.

ಆ ಲ್ಯಾಬಿನಲ್ಲಿ ಕನ್ನಡಿಯಷ್ಟು ನಯವಾದ ಉಕ್ಕಿನ ಬಿಲ್ಲೆಗಳಿದ್ದವು. ಒಂದನ್ನು ಇನ್ನೊಂದರ ಮೇಲೆ ಒತ್ತಿ ಜಾರಿಸಿದರೆ ಅಂಟಿಲ್ಲದೆ ಅಂಟಿಕೊಳ್ಳುತ್ತವೆ. ಕೆಲಸ ಮುಗಿದ ಕೂಡಲೇ ಬಿಡಿಸಿ, ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡಬೇಕು. ಕ್ರಿಸ್ಮಸ್ ರಜೆಯ ಗಡಿಬಿಡಿಯಲ್ಲಿ ನಾವು ಮರೆತೆವು. ವಾಪಸು ಬಂದು ನೋಡಿದರೆ ಎರಡೂ ಕಚ್ಚಿಕೊಂಡು ಕೂತಿವೆ, ಬಿಡಿಸಲು ಬಾರದು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಕಜೆಟನ್ ಸರ್ ಅದನ್ನು ಅಂಗೈಯಲ್ಲಿಟ್ಟು, “ಇದು ಯಾರ ಕೆಲಸ?” ಎಂದರು.

“ನನ್ನದು ಸರ್,” ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಸರ್ ನಮ್ಮ ಮುಖ ನೋಡಿದರು, ಬಿಲ್ಲೆಗಳನ್ನು ನೋಡಿದರು, ಬಾಯಿಗೆ ಕರ್ಚೀಫು ಹಿಡಿದುಕೊಂಡು ಹೊರಗೆ ಹೋದರು. ಗೇಜನ್ನು ತಟ್ಟಿ ಓದಲು ನಮಗೆ ಕಲಿಸಿದ್ದೂ ಅವರೇ. ನಾನು ಬೆಳಕಿನ ಯಂತ್ರಕ್ಕೆ ಹೋದ ಮೇಲೆ ಮರೆತೆ. ವಿಶಾಲ್ ಮರೆತಿರಲಿಲ್ಲ.

ಸಂಜೆ ಗುಡ್ಡದ ಅಂಚಿನ ಎಂಡ್ ಪಾಯಿಂಟಿಗೆ ನಡೆಯುತ್ತಿದ್ದೆವು. ಕೆಳಗೆ ಸ್ವರ್ಣಾ ನದಿ, ಕೈಯಲ್ಲಿ ಗೋಳಿಬಜೆಯ ಪೊಟ್ಟಣ. ಅವನ ಅಪ್ಪ ಧರ್ಮಪಾಲಣ್ಣನಿಗೆ ಬೋಟು ಇತ್ತು. ಬೋಟಿನ ಎಂಜಿನಿನ ಶಾಫ್ಟನ್ನು ದಡದಲ್ಲಿ ಎಷ್ಟೇ ಸರಿ ಮಾಡಿದರೂ ನೀರಿಗಿಳಿದ ಮೇಲೆ ಇನ್ನೊಮ್ಮೆ ನೋಡಲೇಬೇಕಂತೆ, ಮರದ ಒಡಲು ನೀರಿನಲ್ಲಿ ಸ್ವಲ್ಪ ಬಾಗುತ್ತದಂತೆ. ಅದನ್ನು ಅವನು ಎರಡೂ ಕೈ ಆಡಿಸಿ ಹೇಳುತ್ತಿದ್ದರೆ ನಾನು ಕಿವಿಯ ಜೊತೆ ಕಣ್ಣನ್ನೂ ಕೊಟ್ಟು ಕೇಳುತ್ತಿದ್ದೆ.

ಪ್ರೀತಿ ಎಂಬ ಶಬ್ದ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಇವತ್ತು ಹೇಳಿಯಾನು, ನಾಳೆ ಹೇಳಿಯಾನು ಎಂದು ನಾನು ಕಾದೆ. ಕೊನೆಯ ವರ್ಷ ಸೆಪ್ಟೆಂಬರಿನಲ್ಲಿ, ನಮ್ಮ ತೆನೆ ಹಬ್ಬಕ್ಕೆ ಕಾರ್ಕಳದ ಮನೆಗೆ ಕರೆದೆ. ಬಂದ, ಉಂಡ, ಹೋದ. ಅದರ ನಂತರ ಅವನ ಮಾತು ಕಡಿಮೆಯಾಯಿತು. ಲ್ಯಾಬಿನಲ್ಲಿ ಬೇರೆ ಸ್ಟೂಲಿಗೆ ಹೋದ. ಪರೀಕ್ಷೆ ಮುಗಿದ ವಾರವೇ ಅವನು ಸೌದಿಯ ಜುಬೈಲಿಗೆ ಹೋದ ಸುದ್ದಿ ನನಗೆ ತಿಳಿದದ್ದು ಕ್ಯಾಂಟೀನಿನವರಿಂದ.

ನಾನು ಅಳಲಿಲ್ಲ. ಸಿಟ್ಟು ಮಾಡಿಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಉಳಿದದ್ದೆಲ್ಲ ಅದರ ಹಿಂದಿನಿಂದ ಬರುವುದು. ಆಮೇಲೆ ಸಂಬಂಧಗಳು ಬಂದವು, ದುಬೈಯಿಂದ, ಮಸ್ಕತ್ತಿನಿಂದ. ಒಬ್ಬನ ನಗು ಸರಿಯಿಲ್ಲ ಎಂದೆ, ಇನ್ನೊಬ್ಬನ ನಡಿಗೆ ಸರಿಯಿಲ್ಲ ಎಂದೆ. ಅಮ್ಮ ಜೆಸ್ಸಿ ಕೈಮುಗಿದು, “ನಿನ್ನ ಅಳತೆಗೆ ಸಿಗುವ ಗಂಡು ಈ ಭೂಮಿಯಲ್ಲಿ ಹುಟ್ಟಿಲ್ಲ,” ಎಂದಳು.

ಹುಟ್ಟಿದ್ದ. ಕಾಪುವಿನಲ್ಲಿ.

ಮೊದಲ ವಾರ ಬಿಡದೆ ಮಳೆ. ಟರ್ಬೈನ್ ಹಾಲ್‌ನ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದರೆ ಪಕ್ಕದವರ ಮಾತೂ ಕೇಳಿಸದು. ನನ್ನ ಜೊತೆ ಚೆಂಡು ಹಿಡಿಯಲು ಜನ ಸಾಲದು ಎಂದು ನೆವಿಲ್ ವಿಶಾಲ್‌ನನ್ನೇ ಕಳುಹಿಸಿದ.

ಚೆಂಡು ಎಂದರೆ ನಿಂಬೆಕಾಯಿ ಗಾತ್ರದ ಉಕ್ಕಿನ ಗುಂಡು, ಒಳಗೆ ಕನ್ನಡಿ. ಟ್ರ್ಯಾಕರಿನ ಬೆಳಕು ಆ ಕನ್ನಡಿಗೆ ತಾಗಿ ಹಿಂತಿರುಗಿದರೆ ಅಳತೆ. ಚೆಂಡು ಹಿಡಿದವನು ಎಲ್ಲಿಗೆ ನಡೆದರೂ ಮೂರು ಕಾಲಿನ ಮೇಲೆ ನಿಂತ ಟ್ರ್ಯಾಕರ್ ಕತ್ತು ತಿರುಗಿಸಿ ಅವನನ್ನೇ ಹಿಂಬಾಲಿಸುತ್ತದೆ.

ವಿಶಾಲ್ ಎಡಕ್ಕೆ ನಡೆದ. ಟ್ರ್ಯಾಕರ್ ಎಡಕ್ಕೆ ತಿರುಗಿತು. ಬಗ್ಗಿದ. ಅದೂ ಬಗ್ಗಿತು.

“ಇದು ನನ್ನನ್ನೇ ನೋಡ್ತಾ ಉಂಟಲ್ಲ.”

“ನಿಮ್ಮನ್ನಲ್ಲ, ಚೆಂಡನ್ನು.”

“ಚೆಂಡು ನನ್ನ ಕೈಯಲ್ಲಿ ಉಂಟು.”

“ಕೆಳಗೆ ಇಟ್ಟರೆ ಅಲ್ಲಿಗೂ ನೋಡ್ತದೆ.”

“ನೀನು?”

“ನಾನು ಲ್ಯಾಪ್‌ಟಾಪ್ ನೋಡ್ತೇನೆ.”

ಟ್ರ್ಯಾಕರಿನಲ್ಲಿ ಒಂದು ಕ್ಯಾಮೆರಾ ಇದೆ, ಅದರ ಕಣ್ಣಿಗೆ ಕಂಡದ್ದೆಲ್ಲ ನನ್ನ ಪರದೆಯ ಮೂಲೆಯಲ್ಲಿ ಮೂಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಶಾಫ್ಟನ್ನು ಹೊರುವ ಬೇರಿಂಗಿನ ಪೀಠದ ಮೇಲೆ ಚೆಂಡನ್ನು ಕೂರಿಸುವಾಗ ಅವನು ಉಸಿರು ಹಿಡಿಯುವುದು, ಕೂತ ಮೇಲೆ ತುಟಿ ಒಮ್ಮೆ ಒಳಗೆಳೆದು ಬಿಡುವುದು, ಹೆಲ್ಮೆಟಿನ ಪಟ್ಟಿಯನ್ನು ಕಿವಿಯ ಹಿಂದೆ ಸರಿಸುವುದು, ಎಲ್ಲವನ್ನೂ ನಾನು ಸಾವಕಾಶವಾಗಿ ನೋಡಿದೆ. ಎರಡನೇ ದಿನ ‘ನೀವು’ ನನ್ನ ಬಾಯಿಂದ ತಪ್ಪಿ ‘ನೀನು’ ಆಯಿತು. ಅವನು ಕೇಳಿಸಿಕೊಂಡ. ಆ ದಿನವಿಡೀ ಅವನ ಶಿಳ್ಳೆ ಮಳೆಯ ಸದ್ದಿನ ನಡುವೆಯೂ ಕೇಳುತ್ತಿತ್ತು.

ಎಲ್ಲವೂ ಕೆಟ್ಟದ್ದು ಬಿಸಿಲು ಬಂದ ದಿನ.

ಆವತ್ತು ಮಧ್ಯಾಹ್ನದ ನನ್ನ ಅಳತೆಯಲ್ಲಿ ಐದನೇ ಬೇರಿಂಗಿನ ಪೀಠ ಕೂದಲೆಳೆಯಷ್ಟು ಮೇಲೆದ್ದು ಒಂದು ಬದಿಗೆ ವಾಲಿತ್ತು. ಬೆಳಗ್ಗೆ ವಿಶಾಲ್ ಗೇಜಿನಲ್ಲಿ ಓದಿದಾಗ ಅದು ಇದ್ದಲ್ಲೇ ಇತ್ತು. ಮರುದಿನ ಅವನು ಬೆಳಗ್ಗೆ ಮತ್ತೆ ಓದಿದ, ಸರಿ ಇತ್ತು. ನಾನು ಮಧ್ಯಾಹ್ನ ಮತ್ತೆ ಅಳೆದೆ, ತಪ್ಪಿತ್ತು. ಯಾರದ್ದೋ ಒಬ್ಬರದ್ದು ಸುಳ್ಳು. ಸುಳ್ಳು ಅಳತೆಯ ಮೇಲೆ ಯಂತ್ರ ಜೋಡಿಸಿದರೆ ಅದು ಓಡಿದ ದಿನವೇ ಬೇರಿಂಗ್ ಸುಡುತ್ತದೆ, ಅಳೆದವರ ಹೆಸರೂ ಅದರ ಜೊತೆಗೆ.

ನೆವಿಲ್ ನಮ್ಮಿಬ್ಬರನ್ನೂ ಕ್ಯಾಬಿನಿಗೆ ಕರೆದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದ್ದು.

“ಒಂದು ಕೆಲಸ ಮಾಡುವ,” ಎಂದ. “ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ?”

“ಆಗುವುದಿಲ್ಲ!” ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

“ಪೀಠ ಸರಿದಿಲ್ಲ,” ಎಂದ ವಿಶಾಲ್. “ಬೋಲ್ಟು ನಾನೇ ನೋಡಿದ್ದೇನೆ. ಎಲ್ಲ ಬಿಗಿ ಉಂಟು.”

“ನನ್ನ ಯಂತ್ರಕ್ಕೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ.”

“ಹಾಗಾದರೆ ನಾನು ಸುಳ್ಳು ಹೇಳ್ತಾ ಇದ್ದೇನಾ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವವಳಲ್ಲ.

“ಕೆಲವರಿಗೆ ಅಭ್ಯಾಸ ಉಂಟು ನೆವಿಲ್,” ಎಂದೆ. “ಇಲ್ಲಿ ಎಲ್ಲ ಕೆಟ್ಟು ಹೋಗಿದ್ದರೂ ಎಂತ ಆಗಲೇ ಇಲ್ಲ ಎನ್ನುವ ಹಾಗೆ ಬ್ಯಾಗ್ ಕಟ್ಟಿಕೊಂಡು ಹೋಗಿಬಿಡುವುದು.”

ನೆವಿಲ್‌ಗೆ ಅರ್ಥವಾಗಲಿಲ್ಲ. ವಿಶಾಲ್‌ಗೆ ಆಯಿತು. ಅವನ ಮುಖದ ಬಣ್ಣ ಇಳಿಯಿತು. ಹೆಲ್ಮೆಟ್ ಎತ್ತಿಕೊಂಡು ಹೊರಗೆ ನಡೆದ. ಮಾತು ಆಡಿ ಗೆದ್ದಿದ್ದೆ, ಆದರೆ ಗೆದ್ದ ಖುಷಿ ಒಂದು ಚೂರೂ ಇರಲಿಲ್ಲ.

ಅರ್ಧ ಗಂಟೆ ಕಳೆದು ನಾನು ಟರ್ಬೈನ್ ಹಾಲ್‌ಗೆ ಬಂದಾಗ ಅವನು ಐದನೇ ಪೀಠದ ಪಕ್ಕದಲ್ಲಿ ನಿಂತಿದ್ದ. ಗೇಜು ಇಲ್ಲ, ಏನಿಲ್ಲ. ಅಂಗೈಯನ್ನು ಉಕ್ಕಿನ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದ.

“ವನೆಸ್ಸಾ, ಇಲ್ಲಿ ಕೈ ಇಡು.”

“ಎಂತಕ್ಕೆ?”

“ಇಡು ಮಾರಾಯ್ತಿ. ಜಗಳ ಆಮೇಲೆ ಮಾಡುವ.”

ಅವನ ಕೈಯ ಪಕ್ಕದಲ್ಲಿ ಕೈ ಇಟ್ಟೆ. ಉಕ್ಕು ಬೆಚ್ಚಗಿತ್ತು. ಅವನು ನನ್ನ ಮಣಿಕಟ್ಟು ಹಿಡಿದು ಪೀಠದ ಇನ್ನೊಂದು ಬದಿಗೆ ಕರೆದೊಯ್ದ. ಅಲ್ಲಿ ತಣ್ಣಗೆ ಇತ್ತು. ನಾನು ತಲೆಯೆತ್ತಿ ನೋಡಿದೆ. ಪಡುವಣ ಗೋಡೆಯ ದೊಡ್ಡ ಶಟರ್ ಅರ್ಧ ತೆರೆದಿತ್ತು. ಅಲ್ಲಿಂದ ಮಳೆ ತೊಳೆದ ಆಕಾಶದ ಬಿಸಿಲು ಓರೆಯಾಗಿ ಬಂದು ನೇರ ಐದನೇ ಬೇರಿಂಗಿನ ಮೇಲೆ ಬಿದ್ದಿತ್ತು.

“ಶಟರ್ ಯಾವಾಗ ತೆರೆದದ್ದು?”

“ಬಿಸಿಲು ಬಂದ ದಿನ. ಬಿಡಿಭಾಗ ತಂದ ನಮ್ಮ ಟ್ರೈಲರ್ ಒಳಗೆ ಬರ್ಲಿಕ್ಕೆ. ಮತ್ತೆ ಯಾರೂ ಮುಚ್ಚಲೇ ಇಲ್ಲ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಳೆತ್ತರದ ಉಕ್ಕು, ನಾಲ್ಕೈದು ಡಿಗ್ರಿ ಬಿಸಿ. ಸರಿಯಾಗಿ ಒಂದು ಕೂದಲೆಳೆ. ಬೆಳಗ್ಗೆ ಪೀಠ ತಣಿದು ಇದ್ದಲ್ಲಿಗೆ ಬರುತ್ತದೆ, ಅವನು ಓದುತ್ತಾನೆ. ಮಧ್ಯಾಹ್ನ ಕಾದು ವಾಲುತ್ತದೆ, ನಾನು ಓದುತ್ತೇನೆ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಪಾಠ ಕಲಿತ ನಾವಿಬ್ಬರೂ, ಮಳೆಗಾಲದಲ್ಲಿ ಸೂರ್ಯ ಎಂಬವನು ಬರಬಹುದೆಂದೇ ಮರೆತುಬಿಟ್ಟಿದ್ದೆವು. ಕರಾವಳಿಯವರಿಗೆ ಮಾತ್ರ ಆಗುವಂಥ ತಪ್ಪು.

“ಕಜೆಟನ್ ಸರ್ ನೋಡಿದ್ದರೆ?” ಎಂದೆ.

“ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡುತ್ತಿದ್ದರು.”

ನಾವು ನಕ್ಕೆವು. ನಗುವಾಗ ನೋಡಿದೆ, ನನ್ನ ಮಣಿಕಟ್ಟು ಇನ್ನೂ ಅವನ ಕೈಯಲ್ಲೇ ಇತ್ತು. ಅವನೂ ನೋಡಿದ. ಅವಸರದಿಂದ ಬಿಟ್ಟು, ತಪ್ಪಾಯಿತು ಎನ್ನುವವನಂತೆ ಕೈಯನ್ನು ಕಿಸೆಗೆ ಹಾಕಿಕೊಂಡ.

ಮರುದಿನದಿಂದ ಹೊಸ ನಿಯಮ. ಶಟರ್ ಮುಚ್ಚಿ, ಬಿಸಿಲೇರುವ ಮೊದಲು, ಇಬ್ಬರೂ ಜೊತೆಯಾಗಿ ಅಳೆಯಬೇಕು. ನಾನು ಪಡುಬಿದ್ರಿಯ ಲಾಡ್ಜಿನಿಂದ ಆಟೋದಲ್ಲಿ ಬಂದರೆ, ಅವನು ಕಾಪುವಿನ ಮನೆಯಿಂದ ಬೈಕಿನಲ್ಲಿ ಬರುತ್ತಿದ್ದ, ಟ್ಯಾಂಕಿನ ಮೇಲಿನ ಚೀಲದಲ್ಲಿ ಬಾಳೆಲೆಯ ಎರಡು ಕಟ್ಟು. ಅವನ ಅಮ್ಮ ಪುಷ್ಪಾವತಿಯವರ ಪತ್ರೊಡೆ.

“ಎರಡನೇ ಕಟ್ಟು ಯಾರಿಗೆ ಅಂತ ಅಮ್ಮ ಕೇಳಿದರು.”

“ನೀನು ಎಂತ ಹೇಳಿದೆ?”

“ಲೇಸರಿಗೆ ಅಂದೆ.”

“ಅವರು?”

“ಲೇಸರಿಗೆ ಖಾರ ಆಗ್ತದಾ ಕೇಳು ಅಂದರು.”

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಅಳತೆ ಓದಬೇಕು. ಬರೆದುಕೊಳ್ಳುವವರು ಬರೆಯುವ ಮೊದಲು ಅದನ್ನೇ ಬಾಯಿಬಿಟ್ಟು ತಿರುಗಿ ಹೇಳಬೇಕು.

“ಮೇಲೆ, ಸೊನ್ನೆ.”

“ಮೇಲೆ, ಸೊನ್ನೆ.”

“ಬಲಕ್ಕೆ, ಪ್ಲಸ್ ಎರಡು.”

“ಬಲಕ್ಕೆ, ಪ್ಲಸ್ ಎರಡು.”

ಇದಕ್ಕಿಂತ ಒಣ ಮಾತುಕತೆ ಜಗತ್ತಿನಲ್ಲಿ ಇರಲಾರದು. ಆದರೂ ಖಾಲಿ ಹಾಲ್‌ನಲ್ಲಿ ನನ್ನ ಒಂದೊಂದು ಮಾತನ್ನೂ ಅವನು ಜೋಪಾನವಾಗಿ ತಿರುಗಿ ಹೇಳುವಾಗ ನನಗೆ ಆ ಬೆಳಗು ಮುಗಿಯಲೇಬಾರದು ಎನಿಸುತ್ತಿತ್ತು. ಬೇಕೆಂದೇ ಕೆಲವು ಬಿಂದುಗಳನ್ನು ಎರಡು ಸಲ ಓದಿದೆ. ಅವನು ಎರಡು ಸಲವೂ ತಿರುಗಿ ಹೇಳಿದ, ಕಾರಣ ಕೇಳಲಿಲ್ಲ.

ಏಳನೇ ತಾರೀಕಿನ ಬೆಳಗ್ಗೆ ಎರಡೂ ಶಾಫ್ಟುಗಳು ಒಂದೇ ಗೆರೆಯಲ್ಲಿ ಕೂತವು. ನನ್ನ ಲೆಕ್ಕ, ಅವನ ಲೆಕ್ಕ ಎರಡೂ ಹೊಂದಿದವು. ನೆವಿಲ್ ಎದೆಯ ಮೇಲಿಂದ ಕೈ ತೆಗೆದು ಸಹಿ ಹಾಕಿ, ಲಡ್ಡು ತರಿಸಲು ಹೊರಟ. ವಿಶಾಲ್ ಗೇಜುಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ಕೊನೆಯ ಗೇಜು ಒಳಗೆ ಹೋದರೆ ಅವನೂ ಹೋದಂತೆ. ನನಗೆ ತಡೆಯಲಾಗಲಿಲ್ಲ.

“ವಿಶಾಲ್, ಒಂದು ಕೇಳ್ತೇನೆ. ತಿರುಗಿ ಹೇಳುವುದು ಬೇಡ, ಉತ್ತರ ಹೇಳು. ಜುಬೈಲಿಗೆ ಹೋಗುವಾಗ ನನಗೊಂದು ಮಾತು ಹೇಳ್ಲಿಕ್ಕೆ ಎಂತ ಕಷ್ಟ ಇತ್ತು?”

ಅವನು ಒರೆಸಿದ ಗೇಜನ್ನೇ ಮತ್ತೆ ಒರೆಸಿದ.

“ನಿಮ್ಮ ಹಬ್ಬದ ದಿನ ನೆನಪುಂಟಾ?”

“ಉಂಟು. ಮನೆಗೆ ಬಂದು ಊಟ ಮಾಡಿದೆ.”

“ಜಗಲಿಯಲ್ಲಿ ಮಾಡಿದೆ. ಒಬ್ಬನೇ.”

ತೆನೆ ಹಬ್ಬದ ದಿನ ನಮ್ಮಲ್ಲಿ ಇಗರ್ಜಿಯಿಂದ ಆಶೀರ್ವಾದದ ಭತ್ತದ ತೆನೆ ತರುತ್ತಾರೆ. ಮನೆಯ ಹಿರಿಯರು ಅದರ ಕಾಳು ಸುಲಿದು ಹಾಲಿಗೆ ಹಾಕುತ್ತಾರೆ. ದೇವರ ಪೀಠದ ಎದುರು ಮನೆಮಂದಿಯೆಲ್ಲ ನಿಂತು ಆ ಹಾಲು ಕುಡಿದ ಮೇಲೆಯೇ ಊಟ. ಆವತ್ತು ವಿಶಾಲ್ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಲೋಟ ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಜಗಲಿಗೆ ಹೋಗಿದ್ದ. ಫೋನು ಬಂದಿರಬೇಕು, ನಾಚಿಕೆಯಾಗಿರಬೇಕು ಎಂದುಕೊಂಡಿದ್ದೆ.

“ನಿನ್ನ ಅಜ್ಜಿ ನನ್ನ ಕೈ ಹಿಡಿದು ಜಗಲಿಗೆ ಕರ್ಕೊಂಡು ಬಂದರು,” ಎಂದ ವಿಶಾಲ್. “‘ಇಲ್ಲಿ ಕೂತ್ಕೋ ಮಗಾ, ಒಳಗಿನದ್ದು ನಿನಗಲ್ಲ’ ಅಂದರು.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೂ ಹೊಸ ಅಕ್ಕಿ ಊಟಕ್ಕೆ ಮನೆಯವರೇ ಕೂರುವುದು. ಆದರೆ ಅಷ್ಟು ಹೊತ್ತು ನಾನೂ ಮನೆಯವ ಅಂದುಕೊಂಡು ನಿಂತಿದ್ದೆ ನೋಡು, ಅದಕ್ಕೆ ನಾಚಿಕೆ ಆಯ್ತು. ನಿಮ್ಮ ಇಗರ್ಜಿ ಬೇರೆ, ನಮ್ಮ ದೇವಸ್ಥಾನ ಬೇರೆ. ಆ ಗೆರೆ ಅಳಿಸ್ಲಿಕ್ಕೆ ನಾನು ಯಾರು?”

“ನನಗೆ ಗೊತ್ತೇ ಇರಲಿಲ್ಲ ವಿಶಾಲ್.”

“ನಿನಗೆ ಗೊತ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?”

ಇಷ್ಟು ವರ್ಷ ಅವನ ಮೇಲೆ ಕಾದಿಟ್ಟಿದ್ದ ಸಿಟ್ಟು ಒಮ್ಮೆಲೇ ಕಾರ್ಕಳದ ದಿಕ್ಕಿಗೆ ತಿರುಗಿತು. ಜಗಲಿಯಲ್ಲಿ ಹಾಸಿದ ಊಟದೆಲೆ, ಒಬ್ಬನೇ ಹುಡುಗ, ಒಳಗಿನಿಂದ ಕೇಳುವ ನಮ್ಮ ಹಾಡು, ಎಲ್ಲವೂ ಕಣ್ಣಿಗೆ ಕಟ್ಟಿತು.

“ನಾಳೆ ಹಬ್ಬ. ನೀನು ಬರಬೇಕು.”

“ಬೇಡ.”

“ಬರಬೇಕು. ಈ ಸಲ ಹಾಲು ನಾನೇ ಕೊಡ್ತೇನೆ. ಯಾರು ತಡೀತಾರೆ ನೋಡುವ.”

“ನಾಡಿದ್ದು ಫ್ಲೈಟ್ ಉಂಟು ವನೆಸ್ಸಾ. ಹೋಗುವವನಿಗೆ ಎಂತಕ್ಕೆ ಹಾಲು?”

“ಹೋಗುವವನಿಗೇ ಕೊಡಬೇಕು,” ಎಂದೆ. ನನ್ನ ಕಣ್ಣು ತುಂಬಿತು. ನಾನು ಅಳುವುದನ್ನು ಅವನು ಅದುವರೆಗೆ ನೋಡಿರಲಿಲ್ಲ. ಪೆಟ್ಟಿಗೆ ಮುಚ್ಚಿ, “ಆಯ್ತು, ಬರ್ತೇನೆ,” ಎಂದ.

ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕಾಪು ಪೇಟೆಯ ಮಲ್ಲಿಗೆ ಚೆಂಡು. ಅಂಗಳದಲ್ಲೇ ನನ್ನ ಸಿಸಿಲಿಯಾ ಅಜ್ಜಿ ಎದುರಾದಳು. ಎಂಬತ್ತು ದಾಟಿದೆ, ಕಣ್ಣು ಮಂಜು, ಆದರೂ ಮನೆಯ ಕಾನೂನು ಇಂದಿಗೂ ಅವಳದ್ದೇ. ಮಲ್ಲಿಗೆ ಮೂಸಿದಳು, ಮುಖವನ್ನು ಹತ್ತಿರದಿಂದ ನೋಡಿದಳು.

“ಕಾಪುವಿನ ಹುಡುಗ ಅಲ್ವಾ? ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನ ಕೈ ಹಿಡಿದು ಜಗಲಿಯ ಬೆಂಚಿನ ಮೇಲೆ ಕೂರಿಸಿದಳು. “ಇಲ್ಲೇ ಕೂತ್ಕೋ ಮಗಾ. ಒಳಗಿನದ್ದು ನಿನಗಲ್ಲ.”

ಅದೇ ಮಾತು. ಅವನು ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಆ ನಗು ಎಡಗಡೆಯಲ್ಲೇ ನಿಂತುಹೋಯಿತು.

ನಾನು ಅಜ್ಜಿಯ ಹಿಂದೆಯೇ ಒಳಗೆ ನುಗ್ಗಿದೆ. ನಮ್ಮ ಕೊಂಕಣಿಯಲ್ಲಿ, ಅಕ್ಕಪಕ್ಕದ ಮನೆಗೂ ಕೇಳುವಂತೆ ಸುರುಮಾಡಿದೆ. “ಎಂತ ಅಜ್ಜಿ ಇದು? ಅವನು ಮನುಷ್ಯ ಅಲ್ವಾ? ನಿಮ್ಮ ಹಾಲಿಗೆ ಅವನ ಜಾತಿ ತಾಗ್ತದಾ? ಅವನು ಕುಡಿಯದಿದ್ದರೆ ನನಗೂ ಬೇಡ. ನಾನೂ ಜಗಲಿಯಲ್ಲೇ ಕೂರ್ತೇನೆ!”

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ಅಜ್ಜಿ ಮಾತ್ರ ಕಾಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಜಾತಿ ಎಂತದು? ನಲವತ್ತು ವರ್ಷ ಅವನ ಊರಿನ ಮೀನು ತಿಂದ ಹೊಟ್ಟೆ ಇದು,” ಎಂದಳು. “ಈ ಹಾಲು ಒಟ್ಟಿಗೆ ಕುಡಿದವರೆಲ್ಲ ಒಂದೇ ಮನೆಯ ಮಕ್ಕಳು. ಕುಡಿದರೆ ಅವನು ನಿನಗೆ ಅಣ್ಣ ಆಗ್ತಾನೆ. ನಿನಗೆ ಅಣ್ಣ ಬೇಕಾ?”

ನಾನು ಅಜ್ಜಿಯ ಎದುರು ನೆಲದ ಮೇಲೆ ಕೂತೆ.

“ಆವತ್ತು ನೀವಿಬ್ಬರು ಪೀಠದ ಎದುರು ನಿಂತದ್ದನ್ನು ನೋಡಿದೆ. ನೀನು ದೇವರನ್ನು ನೋಡ್ತಾ ಇರಲಿಲ್ಲ. ಅವನೂ ನೋಡ್ತಾ ಇರಲಿಲ್ಲ. ಅಯ್ಯೋ, ಕುಡಿಸಿದರೆ ಕೆಲಸ ಕೆಡ್ತದೆ ಅಂತ ಹೊರಗೆ ಕೂರಿಸಿದೆ. ಮುಂದಿನ ವರ್ಷ ಬಂದಾನು ಅಂತ ಕಾದೆ. ಬರಲೇ ಇಲ್ಲ. ಹುಡುಗನಿಗೆ ಮನಸ್ಸಿಲ್ಲ ಅಂದುಕೊಂಡು ಸುಮ್ಮನಾದೆ.”

“ಒಂದು ಮಾತು ಹೇಳಬಾರದಿತ್ತಾ ಅಜ್ಜಿ?”

“ನೀನು ಕೇಳಿದ್ದೀಯಾ?” ಎಂದಳು. ಹಾಲು ಕುಡಿದರೆ ಅಣ್ಣ ಎಂಬುದು ಅಜ್ಜಿಯ ಸ್ವಂತ ಕಾನೂನು, ಯಾವ ಪಾದ್ರಿಯೂ ಹೇಳಿಕೊಟ್ಟದ್ದಲ್ಲ. “ಇಗರ್ಜಿಯವರು ಎಂತ ಹೇಳ್ತಾರೆ, ಅವನ ಮನೆಯವರು ಎಂತ ಹೇಳ್ತಾರೆ, ಅದೆಲ್ಲ ಆಮೇಲೆ ನೋಡುವ. ಮೊದಲು ಅವನನ್ನು ಕೇಳು.” ನಾಲ್ಕು ಕಾಳು ಹಾಕಿದ ಹಾಲಿನ ಲೋಟವನ್ನು ನನ್ನ ಕೈಯಲ್ಲಿಟ್ಟಳು. “ಬೇಕಾದರೆ ಕುಡಿಯಲಿ. ನಾನು ಬೇಡ ಅನ್ನುವುದಿಲ್ಲ.”

ನಾನು ಜಗಲಿಗೆ ಬಂದಾಗ ವಿಶಾಲ್ ಎದ್ದು ನಿಂತು ಬೈಕಿನ ಕೀ ಹುಡುಕುತ್ತಿದ್ದ. ನಮ್ಮ ಕೊಂಕಣಿ ಅವನಿಗೆ ಅರ್ಥವಾಗಿರಲಿಲ್ಲ, ಜಗಳವೆಂಬುದು ಮಾತ್ರ ಅರ್ಥವಾಗಿತ್ತು.

“ಹಬ್ಬದ ದಿನ ಗಲಾಟೆ ಬೇಡ ವನೆಸ್ಸಾ. ನಾನು ಹೊರಡ್ತೇನೆ.”

“ಕೂತ್ಕೋ. ಇದು ಅಜ್ಜಿ ಕಳಿಸಿದ್ದು, ನಿನಗೆ.”

ಅವನು ಲೋಟವನ್ನು ನೋಡಿದ. ನಿಧಾನಕ್ಕೆ ಕೂತ. ಆ ಮುಖದ ಬಿಗುವು ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡೆ. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಎರಡೂ ಕೈ ಚಾಚಿದ.

“ಒಂದು ನಿಮಿಷ,” ಎಂದೆ. “ಮೊದಲು ಕಾನೂನು ಕೇಳು. ಇದನ್ನು ನಮ್ಮೊಟ್ಟಿಗೆ ಕುಡಿದವರು ಈ ಮನೆಯ ಮಕ್ಕಳು. ಕುಡಿದರೆ ಇವತ್ತಿನಿಂದ ನೀನು ನನಗೆ ಅಣ್ಣ. ಅದಕ್ಕೇ ಆವತ್ತು ಅಜ್ಜಿ ನಿನ್ನನ್ನು ಹೊರಗೆ ಕೂರಿಸಿದ್ದು.”

ಚಾಚಿದ ಕೈಗಳು ಅಲ್ಲೇ ನಿಂತವು.

“ಆವತ್ತೇ ಅವರಿಗೆ ಗೊತ್ತಿತ್ತಾ?”

“ನಮಗಿಂತ ಮೊದಲು ಗೊತ್ತಿತ್ತು.”

ಅವನು ಅಂಗಳದ ಕಡೆ ಮುಖ ತಿರುಗಿಸಿದ. ಬಿಳಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ತಿರುಗಿದಾಗ ನಗುತ್ತಿದ್ದ, ಎಡದಿಂದ ಬಲದವರೆಗೆ.

“ನಾಳೆ ಹೋಗಲೇಬೇಕು. ಒಪ್ಪಿಕೊಂಡ ಕೆಲಸ. ಕ್ರಿಸ್ಮಸ್ಸಿಗೆ ಅಮ್ಮನನ್ನು ಕರ್ಕೊಂಡು ಬರ್ತೇನೆ, ನಿನ್ನನ್ನು ಕೇಳ್ಲಿಕ್ಕೆ.”

“ಅಮ್ಮ ಬಂದು ಕೇಳುವುದು ಆಮೇಲೆ. ನೀನು ಈಗ ಕೇಳು.”

“ನನಗೆ ನೀನು ಬೇಕು ವನೆಸ್ಸಾ. ಮಣಿಪಾಲದಲ್ಲೇ ಬೇಕಿತ್ತು.”

“ನನಗೂ,” ಎಂದೆ. ಎಷ್ಟು ಸಣ್ಣ ಮಾತು. ಇದಕ್ಕೆ ನಾವು ಎಷ್ಟು ಮಳೆಗಾಲ ಕಳೆದೆವು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ಹಾಗಾದರೆ ಈ ಹಾಲು ಎಂತ ಮಾಡುವುದು?”

ಅವನು ಒಂದೇ ಬೆರಳಿನಿಂದ ಲೋಟವನ್ನು ನನ್ನ ಕಡೆಗೆ ಮೆಲ್ಲಗೆ ತಳ್ಳಿದ.

“ನನಗೆ ಬೇಡ,” ಎಂದ. “ನೀನು ಒಳಗೆ ಹೋಗಿ ಕುಡಿದು ಬಾ. ನಾನು ಹೊರಗೇ ಕೂತಿರ್ತೇನೆ.”